ಗಟ್ಟಿಯ ನಡುವೆ ತಾಮ್ರ ಯಾಕೆ ಕಡಿಮೆ? ಅಲ್ಯೂಮಿನಿಯಂ ಎರಕದ ಕಂಪ್ಯೂಟರ್ ಲೆಕ್ಕ ಎಲ್ಲಿ ಎಡವುತ್ತಿದೆ

ವಿಮಾನದ ರೆಕ್ಕೆಗೆ, ರಾಕೆಟ್ಟಿನ ಇಂಧನ ಟ್ಯಾಂಕಿಗೆ ಬಳಸುವ ಅಲ್ಯೂಮಿನಿಯಂ ಪ್ಲೇಟು ಮೊದಲು ಒಂದು ದೊಡ್ಡ ಗಟ್ಟಿಯಾಗಿ (ಇಂಗಾಟ್) ಹುಟ್ಟುತ್ತದೆ. ಅರ್ಧ ಮೀಟರ್ ದಪ್ಪ, ಒಂದೂವರೆ ಮೀಟರ್ ಅಗಲ, ಆರೇಳು ಮೀಟರ್ ಉದ್ದ. ತೂಕ ಹತ್ತು ಹದಿನೈದು ಟನ್. ಇದನ್ನು ಕಾಸಿ, ರೋಲಿಂಗ್ ಮಿಲ್ಲಿನಲ್ಲಿ ಒತ್ತಿ ಒತ್ತಿ ಪ್ಲೇಟು ಮಾಡುತ್ತಾರೆ. ಗಟ್ಟಿಯಲ್ಲಿದ್ದ ದೋಷ ಪ್ಲೇಟಿನಲ್ಲೂ ಇರುತ್ತದೆ.

2024 ಅನ್ನುವ ಮಿಶ್ರಲೋಹವನ್ನೇ ತೆಗೆದುಕೊಳ್ಳೋಣ. ವಿಮಾನಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಲೋಹ ಇದು. ಕುಲುಮೆಯಿಂದ ಸ್ಯಾಂಪಲ್ ತೆಗೆದು ನೋಡಿದಾಗ ತಾಮ್ರ ಶೇ 4.4 ಬಂತು ಅಂದುಕೊಳ್ಳಿ. ಎರಕ ಮುಗಿದ ಮೇಲೆ ಗಟ್ಟಿಯನ್ನು ಅಡ್ಡಕ್ಕೆ ಕೊಯ್ದು, ಅಂಚಿನಿಂದ ನಡುವಿನ ತನಕ ಅಲ್ಲಲ್ಲಿ ಅಳೆದರೆ ಎಲ್ಲ ಕಡೆ 4.4 ಸಿಗುವುದಿಲ್ಲ. ಹೊರ ಚರ್ಮದಲ್ಲಿ ತಾಮ್ರ ಜಾಸ್ತಿ. ಅದರ ಕೆಳಗಿನ ತೆಳು ಪದರದಲ್ಲಿ ಕಡಿಮೆ. ಅಲ್ಲಿಂದ ಒಳಗೆ ಹೋದಂತೆ ಮತ್ತೆ ಏರಿ 4.4 ದಾಟುತ್ತದೆ. ನಟ್ಟನಡುವೆ 4ರ ಹತ್ತಿರಕ್ಕೆ ಕುಸಿಯುತ್ತದೆ. ದೊಡ್ಡ ಗಟ್ಟಿಗಳಲ್ಲಿ ನಡುಭಾಗದ ಕೊರತೆ ಒಟ್ಟು ತಾಮ್ರದ ಶೇ 10ರ ಆಸುಪಾಸು ಇರುವುದು ಸಾಮಾನ್ಯ. ಎಂಜಿನಿಯರುಗಳು ಇದನ್ನು ಮ್ಯಾಕ್ರೋಸೆಗ್ರಿಗೇಶನ್ ಅನ್ನುತ್ತಾರೆ.

ಇದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಪ್ರಯತ್ನ 1960ರ ದಶಕದಿಂದ ನಡೆದಿದೆ. ಭೌತಶಾಸ್ತ್ರ ಬಹುಮಟ್ಟಿಗೆ ಗೊತ್ತಾಗಿದೆ. ಕಂಪ್ಯೂಟರ್ ಶಕ್ತಿ ಅಂದಿಗೂ ಇಂದಿಗೂ ಹೋಲಿಸಲು ಆಗದಷ್ಟು ಬೆಳೆದಿದೆ. ಆದರೂ ಹೊಸ ಗಾತ್ರದ ಗಟ್ಟಿ, ಹೊಸ ಮಿಶ್ರಲೋಹ ಕೊಟ್ಟು "ನಡುವೆ ತಾಮ್ರ ಎಷ್ಟಿರುತ್ತದೆ ಹೇಳಿ" ಅಂದರೆ ಯಾವ ಕಂಪ್ಯೂಟರ್ ಮಾಡೆಲ್ಲೂ ಧೈರ್ಯವಾಗಿ ಹೇಳಲಾರದು. ಯಾಕೆ ಹೀಗೆ ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಅದಕ್ಕೆ ಉತ್ತರ ಸಿಕ್ಕರೆ ಹಣ, ಶ್ರಮ ಎಲ್ಲಿ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಶೇ 10 ಅಂದರೆ ಏನು ಮಹಾ ಅನ್ನಿಸಬಹುದು. 2024 ಮಿಶ್ರಲೋಹದ ನಿಯಮವೇ ತಾಮ್ರಕ್ಕೆ ಶೇ 3.8ರಿಂದ 4.9ರ ತನಕ ಅವಕಾಶ ಕೊಡುತ್ತದೆ. ನಡುಭಾಗದ 4.0 ಕಾಗದದ ಮೇಲೆ ಪಾಸೇ. ಆದರೆ ಈ ಲೋಹದ ಶಕ್ತಿ ಬರುವುದು ತಾಮ್ರ ಮತ್ತು ಮೆಗ್ನೀಸಿಯಂ ಸೇರಿ ಕಟ್ಟುವ ಅತಿ ಸಣ್ಣ ಕಣಗಳಿಂದ. ತಾಮ್ರ ಕಡಿಮೆಯಾದಲ್ಲಿ ಕಣಗಳೂ ಕಡಿಮೆ, ಶಕ್ತಿಯೂ ಕಡಿಮೆ. ತಾಮ್ರ ಜಾಸ್ತಿಯಾದಲ್ಲಿ ಬೇರೆ ತೊಂದರೆ. ಆ ಕಣಗಳನ್ನು ಕಟ್ಟಲು ಮೊದಲು ಲೋಹವನ್ನು ಸುಮಾರು 495 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿ ತಾಮ್ರವನ್ನೆಲ್ಲ ಲೋಹದೊಳಗೆ ಕರಗಿಸಬೇಕು. 502ರ ಹೊತ್ತಿಗೆ ಅಲ್ಲಲ್ಲಿ ಲೋಹವೇ ಕರಗಿ ನೀರಾಗತೊಡಗುತ್ತದೆ. ಹಾಗಾಗಿ ಮೇಲೆ ಹೋಗುವಂತಿಲ್ಲ. ಕರಗದೆ ಉಳಿದ ಒರಟು ಕಣಗಳೇ ಮುಂದೆ ಬಿರುಕಿಗೆ ಮೂಲವಾಗುತ್ತವೆ. ವಿಮಾನದ ವಿನ್ಯಾಸ ಮಾಡುವವರು ಪ್ಲೇಟಿನ ಅತಿ ದುರ್ಬಲ ಜಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ಇಡೀ ಭಾಗ ದಪ್ಪವಾಗುತ್ತದೆ, ತೂಕ ಏರುತ್ತದೆ.

ಗಟ್ಟಿಯನ್ನು ಬಹಳ ಹೊತ್ತು ಬಿಸಿಯಲ್ಲಿಟ್ಟು ಸರಿ ಮಾಡಬಾರದೇ? ಮಾಡುತ್ತಾರೆ. ಹೋಮೋಜಿನೈಸಿಂಗ್ ಅನ್ನುವ ಹಂತ ಅದಕ್ಕೇ ಇದೆ. ಆದರೆ ಅದು ಸರಿಪಡಿಸುವುದು ಒಂದೊಂದು ಹರಳಿನ ಒಳಗಿನ ಏರುಪೇರನ್ನು ಮಾತ್ರ. ಸುಮಾರು 500 ಡಿಗ್ರಿಯಲ್ಲಿ ತಾಮ್ರದ ಪರಮಾಣು ಘನ ಅಲ್ಯೂಮಿನಿಯಂನಲ್ಲಿ 25 ಮೈಕ್ರಾನ್ ದೂರ ಹರಡಿಕೊಳ್ಳಲು ಅಂದಾಜು ನಾಲ್ಕು ಗಂಟೆ ಬೇಕು. ಗಟ್ಟಿಯ ಅಂಚಿನಿಂದ ನಡುವಿಗೆ 25 ಸೆಂಟಿಮೀಟರ್. ದೂರ ಹತ್ತು ಸಾವಿರ ಪಟ್ಟು. ಹರಡಲು ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಹತ್ತು ಕೋಟಿ ಪಟ್ಟು. ನಾಲ್ಕು ಗಂಟೆಯನ್ನು ಹತ್ತು ಕೋಟಿಯಿಂದ ಗುಣಿಸಿ ನೋಡಿ, 45 ಸಾವಿರ ವರ್ಷಕ್ಕೂ ಮೀರುತ್ತದೆ. ಎರಕದ ಹೊತ್ತಿನಲ್ಲಿ ಆದದ್ದು ಆಗಿಹೋಯಿತು. ರೋಲಿಂಗ್ ಮಾಡಿದರೂ ನಡುವಿನ ಬಡ ಪದರ ತೆಳ್ಳಗಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ಅದಕ್ಕೇ ಎರಕಕ್ಕೆ ಮುಂಚೆ ಲೆಕ್ಕ ಹಾಕುವುದಕ್ಕೆ ಇಷ್ಟು ಬೆಲೆ.

ಏರುಪೇರು ಎಲ್ಲಿಂದ ಶುರು

ಅಂಗಡಿಯ ಐಸ್ ಕ್ಯಾಂಡಿಯನ್ನು ಜೋರಾಗಿ ಹೀರಿದರೆ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಬಿಳಿ ಮಂಜು ಉಳಿಯುತ್ತದೆ ಅಲ್ವಾ? ನೀರು ಹೆಪ್ಪುಗಟ್ಟುವಾಗ ಸಕ್ಕರೆಯನ್ನು ಹೊರಗೆ ತಳ್ಳುತ್ತದೆ. ಸಕ್ಕರೆ ಮಂಜಿನ ಹರಳುಗಳ ಸಂದಿಯಲ್ಲಿ ಪಾಕವಾಗಿ ಕೂರುತ್ತದೆ. ಅಲ್ಯೂಮಿನಿಯಂನಲ್ಲೂ ಹೀಗೇ. ಮೊದಲು ಗಟ್ಟಿಯಾಗುವ ಹರಳಿನಲ್ಲಿ ತಾಮ್ರ ಸುತ್ತಲಿನ ದ್ರವದಲ್ಲಿರುವುದರ ಆರನೇ ಒಂದು ಭಾಗದಷ್ಟು ಮಾತ್ರ. ಸಿಲಿಕಾನ್ ಅದಕ್ಕಿಂತಲೂ ಕಡಿಮೆ. ಕಬ್ಬಿಣವಂತೂ ಶೇ 2–3ರಷ್ಟು ಮಾತ್ರ ಒಳಗೆ ಸೇರುತ್ತದೆ. ಮೆಗ್ನೀಸಿಯಂ, ಸತು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಮ್ಯಾಂಗನೀಸ್ ಬಹುತೇಕ ಸಮ. ಟೈಟಾನಿಯಂ, ಜಿರ್ಕೋನಿಯಂ, ಕ್ರೋಮಿಯಂ ಮಾತ್ರ ಉಲ್ಟಾ. ಅವು ದ್ರವಕ್ಕಿಂತ ಹರಳಿನಲ್ಲೇ ಜಾಸ್ತಿ ಸೇರುತ್ತವೆ.

ಈ ಕೊನೆಯ ಮಾತು ಚೊಕ್ಕವಾದ ಸಾಕ್ಷಿ. ಗಟ್ಟಿಯ ನಡುವೆ ತಾಮ್ರ, ಮೆಗ್ನೀಸಿಯಂ, ಸತು ಕಡಿಮೆಯಾದ ಕಡೆಯೇ ಟೈಟಾನಿಯಂ, ಕ್ರೋಮಿಯಂ ಜಾಸ್ತಿ ಇರುತ್ತವೆ. ಅಂದರೆ ಕುಲುಮೆಯಲ್ಲಿ ಸರಿಯಾಗಿ ಕಲಕಲಿಲ್ಲ ಅನ್ನುವ ಮಾಮೂಲಿ ಅನುಮಾನಕ್ಕೆ ಇಲ್ಲಿ ಜಾಗವಿಲ್ಲ. ಹರಳು ಕಟ್ಟುವಾಗ ಆದ ಹಂಚಿಕೆಯೇ ಮೂಲ.

ಆದರೆ ಇಷ್ಟೇ ಆದರೆ ಏರುಪೇರು ಹರಳಿನ ಅಳತೆಯಲ್ಲಿ, ಮೈಕ್ರಾನುಗಳಲ್ಲಿ ಉಳಿಯಬೇಕಿತ್ತು. ತಾಮ್ರ ತುಂಬಿದ ದ್ರವವೋ ತಾಮ್ರ ಕಡಿಮೆ ಇರುವ ಹರಳೋ ಹುಟ್ಟಿದ ಜಾಗ ಬಿಟ್ಟು ದೂರ ಸರಿದಾಗ ಮಾತ್ರ ಅದು ಸೆಂಟಿಮೀಟರುಗಳಿಗೆ ಹಬ್ಬುತ್ತದೆ. ಯಾರು ಸರಿಯುತ್ತಾರೆ, ಎಷ್ಟು ಸರಿಯುತ್ತಾರೆ ಅನ್ನುವುದೇ ಇಡೀ ಮಾಡೆಲಿಂಗಿನ ವಿಷಯ.

ಇಂಥ ಗಟ್ಟಿಗಳನ್ನು ಎರಕ ಹೊಯ್ಯುವ ಡಿಸಿ (ಡೈರೆಕ್ಟ್ ಚಿಲ್) ಕಾಸ್ಟಿಂಗ್ ಅನ್ನುವ ವಿಧಾನದಲ್ಲಿ ಇದನ್ನು ನೋಡಬೇಕು. ತಣ್ಣೀರನ್ನು ನೇರವಾಗಿ ಲೋಹದ ಮೇಲೆಯೇ ಬಿಟ್ಟು ಗಟ್ಟಿ ಮಾಡುವ ವಿಧಾನ. 1930ರ ದಶಕದಲ್ಲಿ ಅಮೆರಿಕದ ಅಲ್ಕೋವಾ ಕಂಪನಿಯಲ್ಲಿ ವಿಲಿಯಂ ಎನ್ನರ್, ಜರ್ಮನಿಯಲ್ಲಿ ರೋತ್ ಬೇರೆ ಬೇರೆಯಾಗಿ ಇದನ್ನು ರೂಪಿಸಿದರು. ಅಚ್ಚು ಅಂದರೆ ಗಿಡ್ಡನೆಯ ಒಂದು ಚೌಕಟ್ಟು, ತಳವಿಲ್ಲ. ಕೆಳಗೆ ಒಂದು ದಿಮ್ಮಿ ತಳವಾಗಿ ಕೂತಿರುತ್ತದೆ. ಕರಗಿದ ಲೋಹ ಮೇಲಿಂದ ಬಂದಂತೆ ಆ ದಿಮ್ಮಿ ನಿಧಾನಕ್ಕೆ ಇಳಿಯುತ್ತದೆ. ದೊಡ್ಡ ಗಟ್ಟಿಗಳಿಗೆ ನಿಮಿಷಕ್ಕೆ 50–60 ಮಿಲಿಮೀಟರ್ ವೇಗ. ಅಚ್ಚಿನಿಂದ ಹೊರಬಂದ ತೆಳು ಸಿಪ್ಪೆಯ ಮೇಲೆ ಸುತ್ತಲೂ ನೀರಿನ ಧಾರೆ ಬೀಳುತ್ತದೆ. ಏಳು ಮೀಟರಿನ ಗಟ್ಟಿ ಮುಗಿಯಲು ಸುಮಾರು ಎರಡು ಗಂಟೆ ಹಿಡಿಯುತ್ತದೆ.

ಹೊರಗೆ ಗಟ್ಟಿ, ಒಳಗೆ ಇನ್ನೂ ದ್ರವ. ಒಳಗಿನ ಈ ದ್ರವದ ಗುಂಡಿಗೆ ಸಂಪ್ ಅನ್ನುತ್ತಾರೆ. ಎರಕದ ವೇಗ ಹೆಚ್ಚಿದರೆ ಸಂಪ್ ಆಳವಾಗುತ್ತದೆ. ದಪ್ಪ ಹೆಚ್ಚಿದರಂತೂ ಅದರ ವರ್ಗಕ್ಕೆ ತಕ್ಕಂತೆ ಆಳವಾಗುತ್ತದೆ. ಗುಂಡಿಯ ಗೋಡೆಯ ಉದ್ದಕ್ಕೂ ಅರ್ಧ ದ್ರವ, ಅರ್ಧ ಘನ ಇರುವ ಒಂದು ಪಟ್ಟಿ. ಅದರ ಮೇಲುಭಾಗದಲ್ಲಿ ಹರಳುಗಳು ಬಿಡಿಬಿಡಿಯಾಗಿ ತೇಲಾಡುತ್ತವೆ. ಕೆಳಭಾಗದಲ್ಲಿ ಒಂದಕ್ಕೊಂದು ಹೆಣೆದುಕೊಂಡು ಜಾಲವಾಗಿ, ಸಂದಿಗಳಲ್ಲಿ ಮಾತ್ರ ದ್ರವ ಉಳಿದಿರುತ್ತದೆ. ಪೀಣ್ಯದ ಡೈ ಕಾಸ್ಟಿಂಗ್ ಘಟಕಗಳಲ್ಲಿ ತಯಾರಾಗುವ ತೆಳು ಭಾಗಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಡದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಅಲ್ಲಿ ಲೋಹ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಯಾವುದಕ್ಕೂ ದೂರ ಸರಿಯಲು ಪುರುಸೊತ್ತೇ ಇಲ್ಲ. ಅಲ್ಲಿಯವರನ್ನು ಕಾಡುವುದು ಒಳಗೆ ಉಳಿಯುವ ಗಾಳಿಯ ಗುಳ್ಳೆ, ಪೊರಾಸಿಟಿ.

ಎಳೆದಾಡುವ ಬಲಗಳು

ಅಲ್ಯೂಮಿನಿಯಂ ಗಟ್ಟಿಯಾಗುವಾಗ ಶೇ 6–7ರಷ್ಟು ಕುಗ್ಗುತ್ತದೆ. ಆ ಜಾಗ ತುಂಬಲು ಸಂದಿಗಳಲ್ಲಿರುವ ತಾಮ್ರಭರಿತ ದ್ರವ ಗೋಡೆಯ ಕಡೆಗೆ ಎಳೆಯಲ್ಪಡುತ್ತದೆ. ಗೋಡೆ ಇಳಿಜಾರಾಗಿರುವುದರಿಂದ ಈ ಎಳೆತ ನೇರ ಕೆಳಕ್ಕಿರದೆ ಓರೆಯಾಗಿ, ನಡುವಿನಿಂದ ಹೊರಗೆ ಇರುತ್ತದೆ. ನಡುಭಾಗದಿಂದ ತಾಮ್ರ ಹೊರಗೆ ಹೋಗುತ್ತದೆ. ಅದನ್ನು ತುಂಬಿಕೊಡಲು ಇನ್ನೂ ಒಳಗೆ ಯಾವ ಜಾಗವೂ ಇಲ್ಲ. ಹೀಗೆ ನಡು ಬಡವಾಗುತ್ತದೆ.

ಎರಡನೆಯದು ಇದಕ್ಕೆ ವಿರುದ್ಧ. ಗೋಡೆಯ ಪಕ್ಕದಲ್ಲಿ ತಣ್ಣಗಾದ ದ್ರವ ಭಾರವಾಗಿ, ಇಳಿಜಾರಿನ ಉದ್ದಕ್ಕೂ ಜಾರಿ ನಡುವಿಗೆ ಬರುತ್ತದೆ. ದಾರಿಯಲ್ಲಿ ಹರಳುಗಳ ನಡುವಿನ ತಾಮ್ರಭರಿತ ದ್ರವವನ್ನೂ ಸ್ವಲ್ಪ ತೊಳೆದುಕೊಂಡು ಬರುತ್ತದೆ. ಇದು ನಡುಭಾಗವನ್ನು ಶ್ರೀಮಂತ ಮಾಡುವ ಹರಿವು. ಇದರಲ್ಲೂ ಒಂದು ತೊಡಕಿದೆ. ತಾಮ್ರ, ಸತು ಸೇರಿದ ದ್ರವ ಭಾರ. ಮೆಗ್ನೀಸಿಯಂ ಸೇರಿದ್ದು ಹಗುರ. ವಿಮಾನದ ಇನ್ನೊಂದು ಮುಖ್ಯ ಲೋಹ 7075ರಲ್ಲಿ ಈ ಮೂರೂ ಇವೆ. ಒಂದೇ ಹನಿಯಲ್ಲಿ ಕೆಳಗೆಳೆಯುವುದೂ ಮೇಲೆತ್ತುವುದೂ ಇದ್ದಾಗ ನಿವ್ವಳ ಎಷ್ಟು ಅಂತ ಹೇಳಲು ಪ್ರತಿ ಧಾತುವಿನ ಲೆಕ್ಕವೂ ಕರಾರುವಾಕ್ಕಾಗಿರಬೇಕು.

ಮೂರನೆಯದು ಹರಳುಗಳದ್ದೇ ಪಯಣ. ಸಂಪಿನ ಮೇಲಿನ ಅಂಚಿನಲ್ಲಿ ಹುಟ್ಟಿದ ಹರಳುಗಳು ಆ ಹರಿವಿನಲ್ಲಿ ಕೊಚ್ಚಿಕೊಂಡು ಬಂದು ತಳದಲ್ಲಿ, ನಡುವೆ ಕೂರುತ್ತವೆ. ಅವುಗಳಲ್ಲಿ ತಾಮ್ರ ಕಡಿಮೆ. ಅವು ರಾಶಿ ಬಿದ್ದ ಕಡೆ ತಾಮ್ರ ಕಡಿಮೆ, ಟೈಟಾನಿಯಂ ಜಾಸ್ತಿ. ಗಟ್ಟಿಯ ನಡುವೆ ಕೊಯ್ದು ನೋಡಿದರೆ ಸಣ್ಣ ಹರಳುಗಳ ನಡುವೆ ಒರಟು ತೋಳಿನ, ದಪ್ಪನೆಯ ಬೇರೆ ಹರಳುಗಳು ಸೇರಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಎಲ್ಲಿಂದಲೋ ಬಂದು ಸೇರಿದವು ಅನ್ನುವುದಕ್ಕೆ ಅದೇ ಗುರುತು.

ಇನ್ನೊಂದು, ಗಟ್ಟಿ ತಣ್ಣಗಾಗುವಾಗ ಹರಳಿನ ಜಾಲವೇ ಹಿಗ್ಗಿ ಕುಗ್ಗಿ ಒಳಗಿನ ದ್ರವವನ್ನು ಹಿಂಡುವುದು. ಹೊರ ಚರ್ಮದ ತಾಮ್ರಕ್ಕೆ ಕಾರಣ ಸಂದಿಗಳಿಂದ ಹೊರಗೆ ಒಸರುವ ದ್ರವ. ಚರ್ಮವನ್ನು ರೋಲಿಂಗಿಗೆ ಮುಂಚೆ ಕೆತ್ತಿ ತೆಗೆಯುತ್ತಾರೆ. ಹಾಗಾಗಿ ಅದು ಲೋಹ ಪೋಲಾಗುವ ಪ್ರಶ್ನೆ ಮಾತ್ರ. ನಡುಭಾಗವನ್ನು ಕೆತ್ತಿ ತೆಗೆಯಲು ಬರುವುದಿಲ್ಲ.

ಲೆಕ್ಕ ಹೇಗೆ ಕಟ್ಟುತ್ತಾರೆ

1960ರ ದಶಕದ ಕೊನೆಯಲ್ಲಿ ಎಂಐಟಿಯ ಮೆರ್ಟನ್ ಫ್ಲೆಮಿಂಗ್ಸ್ ಮತ್ತು ಸಂಗಡಿಗರು ಒಂದು ಸರಳ ಸಮೀಕರಣ ಕೊಟ್ಟರು. ಇವತ್ತಿಗೂ ಈ ವಿಷಯ ಕಲಿಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಅದು ಎರಡು ವೇಗಗಳನ್ನು ಹೋಲಿಸುತ್ತದೆ. ಒಂದು, ಸಂದಿಯಲ್ಲಿ ದ್ರವ ಹರಿಯುವ ವೇಗ. ಇನ್ನೊಂದು, ಗಟ್ಟಿಯಾಗುವ ಗೆರೆ ಮುಂದೆ ಸರಿಯುವ ವೇಗ. ಕುಗ್ಗಿದ ಜಾಗಕ್ಕೆ ಸರಿಯಾಗಿ ಬೇಕಾದಷ್ಟೇ ದ್ರವ ತಣ್ಣಗಿನ ಕಡೆಗೆ ಹರಿದರೆ ಏರುಪೇರು ಇಲ್ಲ. ಅದಕ್ಕಿಂತ ಜೋರಾಗಿ ಹರಿದರೆ ಆ ಜಾಗದಲ್ಲಿ ತಾಮ್ರ ಕಡಿಮೆಯಾಗುತ್ತದೆ. ನಿಧಾನವಾದರೆ ಅಥವಾ ಬಿಸಿಯ ಕಡೆಗೆ ತಿರುಗಿದರೆ ಜಾಸ್ತಿಯಾಗುತ್ತದೆ. ಬಿಸಿಯ ಕಡೆಗೆ, ಅದೂ ಗೆರೆಗಿಂತ ವೇಗವಾಗಿ ಹರಿದರೆ ಗಟ್ಟಿಯಾದದ್ದೇ ಮತ್ತೆ ಕರಗಿ ಲೋಹದೊಳಗೆ ಕಾಲುವೆಗಳು ಮೂಡುತ್ತವೆ. ನಾಲ್ಕು ಮಾತಿನಲ್ಲಿ ಇಷ್ಟೆಲ್ಲ ವಿವರಿಸುವ ಸಮೀಕರಣ ಅದು. ಆದರೆ ಹರಿವಿನ ವೇಗ ಎಷ್ಟು ಅನ್ನುವುದನ್ನು ನೀವೇ ಕೊಡಬೇಕು.

ಆ ವೇಗವನ್ನೂ ಲೆಕ್ಕದೊಳಗೇ ತರುವ ದಾರಿ 1987ರ ಹೊತ್ತಿಗೆ ಸಿಕ್ಕಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಬೆನ್ನನ್ ಮತ್ತು ಇನ್‌ಕ್ರೊಪೆರಾ ದ್ರವ, ಘನ ಎರಡನ್ನೂ ಸೇರಿಸಿ ಒಂದೇ ಮಿಶ್ರಣವೆಂದು ನೋಡುವ ಸಮೀಕರಣಗಳನ್ನು ಬರೆದರು. ಮುಂದೆ ಕ್ರಿಸ್ಟೋಫ್ ಬೆಕರ್‌ಮನ್ ಮತ್ತು ಜೊತೆಗಾರರು ದ್ರವಕ್ಕೆ ಬೇರೆ, ಹರಳಿಗೆ ಬೇರೆ ಲೆಕ್ಕ ಇಟ್ಟು ಸರಾಸರಿ ತೆಗೆಯುವ ವಿಧಾನ ಬೆಳೆಸಿದರು. ಇಂದಿನ ಹೆಚ್ಚಿನ ಮಾಡೆಲ್‌ಗಳು ಈ ಎರಡರ ಸಂತತಿ.

ಸರಾಸರಿ ಯಾಕೆ ತೆಗೆಯಬೇಕು? ಹರಳಿನ ತೋಳುಗಳ ನಡುವಿನ ಸಂದಿ 50 ಮೈಕ್ರಾನಿನ ಆಸುಪಾಸು. ಅರ್ಧ ಮೀಟರ್ ದಪ್ಪ, ಒಂದೂವರೆ ಮೀಟರ್ ಅಗಲ, ಅರ್ಧ ಮೀಟರ್ ಆಳದ ಸಂಪನ್ನು 50 ಮೈಕ್ರಾನಿನ ಚೌಕಗಳಾಗಿ ಒಡೆದರೆ 3 ಲಕ್ಷ ಕೋಟಿ ಚೌಕ ಬರುತ್ತವೆ. ಪ್ರತಿ ಚೌಕದಲ್ಲಿ ಉಷ್ಣತೆ, ಹರಿವು, ಪ್ರತಿ ಧಾತುವಿನ ಪ್ರಮಾಣ, ಅದೂ ಎರಡು ಗಂಟೆಯ ಎರಕದ ಪ್ರತಿ ಕ್ಷಣಕ್ಕೆ. ಇದು ಯಾವ ಕಾರ್ಖಾನೆಗೂ ಸಾಧ್ಯವಿಲ್ಲದ ಮಾತು. ಹಾಗಾಗಿ ಕೆಲವು ಮಿಲಿಮೀಟರಿನ ಚೌಕ ತೆಗೆದುಕೊಂಡು, ಅದರೊಳಗಿನ ಸಾವಿರಾರು ಸಂದಿಗಳ ವರ್ತನೆಯನ್ನು ಒಂದು ಸರಾಸರಿ ಸೂತ್ರದಲ್ಲಿ ಹಿಡಿಯುತ್ತಾರೆ.

ಎಡವುವುದು ಆ ಸೂತ್ರಗಳಲ್ಲಿ. ಹರಳಿನ ಜಾಲದೊಳಗೆ ದ್ರವ ಎಷ್ಟು ಸುಲಭವಾಗಿ ನುಸುಳುತ್ತದೆ ಅನ್ನುವುದಕ್ಕೆ ಎಲ್ಲರೂ ಬಳಸುವ ಸೂತ್ರದಲ್ಲಿ ಸಂದಿಯ ಅಳತೆ ಎರಡರಷ್ಟಾದರೆ ನುಸುಳುವಿಕೆ ನಾಲ್ಕರಷ್ಟಾಗುತ್ತದೆ. ಆದರೆ ಒಂದೇ ಗಟ್ಟಿಯಲ್ಲಿ ಅಂಚಿನ ಸಂದಿ ಬೇರೆ, ನಡುವಿನ ಸಂದಿ ಬೇರೆ. ಬಹಳಷ್ಟು ಲೆಕ್ಕಗಳಲ್ಲಿ ಎಲ್ಲ ಕಡೆಗೂ ಒಂದೇ ಸಂಖ್ಯೆ ಹಾಕುತ್ತಾರೆ. ಅದಕ್ಕಿಂತ ದೊಡ್ಡ ಊಹೆ ತೇಲುವ ಹರಳುಗಳದ್ದು. ಎಷ್ಟು ಭಾಗ ಘನವಾದಾಗ ಹರಳುಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತವೆ? ಶೇ 30ರಲ್ಲೇ? 20? 50? ಹರಳು ಗುಂಡಗಿದ್ದರೆ ಒಂದು ಉತ್ತರ, ಕೊಂಬೆ ಕೊಂಬೆಯಾಗಿದ್ದರೆ ಇನ್ನೊಂದು. ಮಾಡೆಲ್ ಬರೆಯುವವರು ಇಲ್ಲಿ ಒಂದು ಸಂಖ್ಯೆ ಆರಿಸಿಕೊಳ್ಳುತ್ತಾರೆ. ಸುಮ್ನೆ ಅಲ್ಲ, ಪ್ರಯೋಗಗಳನ್ನು ನೋಡಿಯೇ. ಆದರೂ ಆ ಸಂಖ್ಯೆ ಸ್ವಲ್ಪ ಬದಲಾದರೆ ನಡುಭಾಗದ ಉತ್ತರ ಬಹಳ ಬದಲಾಗುತ್ತದೆ.

ಯಾಕಿಷ್ಟು ಬದಲಾಗುತ್ತದೆ? ನಾವು ಅಳೆಯುವುದು ವಿರುದ್ಧ ದಿಕ್ಕಿನ ಎಳೆತಗಳ ವ್ಯತ್ಯಾಸವನ್ನು. ಉದಾಹರಣೆಗೆ ಅಂತಲೇ ಕೆಲವು ಸಂಖ್ಯೆ ಇಟ್ಟುಕೊಳ್ಳೋಣ. ಹರಳುಗಳು ಕೂತದ್ದರಿಂದ ನಡುವೆ ತಾಮ್ರ ಶೇ 20 ಕಡಿಮೆ. ಹರಿವಿನಿಂದ ಶೇ 15 ಜಾಸ್ತಿ. ಕುಗ್ಗುವಿಕೆಯಿಂದ ಶೇ 5 ಕಡಿಮೆ. ಒಟ್ಟು ಶೇ 10 ಕಡಿಮೆ. ಹರಳಿನ ಲೆಕ್ಕದಲ್ಲಿ ಕಾಲು ಭಾಗ ತಪ್ಪಾದರೆ ಸಾಕು, ಒಟ್ಟು ಉತ್ತರ 5ಕ್ಕೆ ಇಳಿಯಬಹುದು, 15ಕ್ಕೆ ಏರಬಹುದು. ಒಂದೊಂದು ಸೂತ್ರವೂ ತಕ್ಕಮಟ್ಟಿಗೆ ಸರಿಯಿದ್ದೂ ಕೊನೆಯ ಉತ್ತರ ಕೈ ಕೊಡುವುದು ಹೀಗೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಉತ್ತರ ಸರಿ ಬರುವುದೂ ಇದೆ. ನನಗೆ ಹೆಚ್ಚು ಆತಂಕ ಅದರದ್ದು. ಒಂದು ಗಟ್ಟಿಗೆ ಸಂಖ್ಯೆಗಳನ್ನು ಹೊಂದಿಸಿ ಗ್ರಾಫ್ ಕೂರಿಸಿದ ಮಾಡೆಲ್ ಮುಂದಿನ ಗಟ್ಟಿಗೆ ನಿಲ್ಲದಿರುವುದು ಈ ಕಾರಣಕ್ಕೆ.

ಹರಳನ್ನು ಸಣ್ಣದು ಮಾಡುವ ಮದ್ದಿನ ಕಥೆ ಇದಕ್ಕೆ ತಕ್ಕ ಉದಾಹರಣೆ. ಬಿರುಕು ಬಿಡದಿರಲಿ ಅಂತ ಎರಕದ ಹೊತ್ತಿನಲ್ಲಿ ಟೈಟಾನಿಯಂ, ಬೋರಾನ್ ಇರುವ ತಂತಿಯನ್ನು ದ್ರವಕ್ಕೆ ಸೇರಿಸುತ್ತಾರೆ. ಹರಳು ಸಣ್ಣದಾದರೆ ನಡುಭಾಗದ ಕೊರತೆ ಹೆಚ್ಚುತ್ತದೆಯೇ, ತಗ್ಗುತ್ತದೆಯೇ? ಪ್ರಕಟವಾದ ಪ್ರಯೋಗಗಳಲ್ಲಿ ಎರಡೂ ಉತ್ತರ ಇವೆ. ಹರಳು ಸಣ್ಣದಾದರೆ ಬೇಗ ಕೂರುವುದಿಲ್ಲ, ಹರಿವಿನ ಜೊತೆ ಓಡಾಡುತ್ತದೆ. ಜಾಲ ತಡವಾಗಿ ಕಟ್ಟುತ್ತದೆ. ಸಂದಿ ಕಿರಿದಾಗಿ ದ್ರವ ನುಸುಳುವುದು ಕಷ್ಟವಾಗುತ್ತದೆ. ಒಂದೊಂದೂ ಬೇರೆ ದಿಕ್ಕಿಗೆ ತಳ್ಳುತ್ತದೆ. ಗಟ್ಟಿಯ ಗಾತ್ರ, ವೇಗ ನೋಡಿಕೊಂಡು ಯಾವುದೋ ಒಂದು ಗೆಲ್ಲುತ್ತದೆ.

ಮಾಡೆಲ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಪ್ರಯತ್ನವೂ ಆಗಿದೆ. 2009ರಲ್ಲಿ, ಮುಖ್ಯವಾಗಿ ಫ್ರಾನ್ಸಿನ ಸಂಶೋಧಕರ ಮುಂದಾಳತ್ವದಲ್ಲಿ ಒಂದೇ ಸಮಸ್ಯೆಯನ್ನು ಹಲವು ಗುಂಪುಗಳಿಗೆ ಕೊಡಲಾಯಿತು. ತವರ ಮತ್ತು ಸೀಸದ ಸರಳ ಮಿಶ್ರಲೋಹ, ಒಂದು ಸಣ್ಣ ಆಯತದ ಪೆಟ್ಟಿಗೆ, ಹರಳುಗಳು ಅಲುಗಾಡುವಂತಿಲ್ಲ. ಸಮೀಕರಣಗಳೂ ಒಂದೇ. ಆದರೂ ಒಟ್ಟಾರೆ ಚಿತ್ರ ಹೊಂದಿತೇ ಹೊರತು ಒಳಗಿನ ಕಾಲುವೆಗಳ ಜಾಗ, ಸಂಖ್ಯೆ ಒಬ್ಬೊಬ್ಬರಿಗೆ ಒಂದೊಂದು ಬಂತು. ಇಷ್ಟು ಸರಳ ಪೆಟ್ಟಿಗೆಯಲ್ಲೇ ಹೀಗಾದರೆ ತೇಲುವ ಹರಳು, ನೀರಿನ ಧಾರೆ, ಐದಾರು ಧಾತು ಇರುವ ನಿಜವಾದ ಎರಕದಲ್ಲಿ ಎಷ್ಟು ಎಚ್ಚರ ಬೇಕು ಯೋಚಿಸಿ.

ಹಾಗಂತ ಮಾಡೆಲ್ ಪ್ರಯೋಜನಕ್ಕಿಲ್ಲ ಅನ್ನುವುದು ತಪ್ಪು. ಸಂಪಿನ ಆಕಾರ, ಉಷ್ಣತೆ ಹೇಳುವುದರಲ್ಲಿ ಅವು ಈಗ ಬಹಳ ಚೆನ್ನಾಗಿವೆ. ವೇಗ ಹೆಚ್ಚಿಸಿದರೆ, ಲೋಹ ಬಿಡುವ ಜಾಗ ಬದಲಿಸಿದರೆ ಏರುಪೇರು ಯಾವ ಕಡೆಗೆ ಸರಿಯುತ್ತದೆ ಅನ್ನುವುದನ್ನೂ ಬಹುಮಟ್ಟಿಗೆ ಸರಿಯಾಗಿ ಹೇಳುತ್ತವೆ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ದಿಮಿತ್ರಿ ಎಸ್ಕಿನ್, ಲಾರೆನ್ಸ್ ಕಾಟ್ಗರ್‌ಮನ್ ಅವರ ಗುಂಪು ಎರಕ ಹೊಯ್ದು, ಅಳೆದು, ಅದರ ಪಕ್ಕದಲ್ಲೇ ಲೆಕ್ಕ ಇಟ್ಟು ನೋಡಿದ ಕೆಲಸ ಇದಕ್ಕೆ ಮಾದರಿ. ಎಂಐಟಿಯಲ್ಲಿ ಸ್ಯಾಮ್ಯುಯೆಲ್ ವ್ಯಾಗ್‌ಸ್ಟಾಫ್ ಮತ್ತು ಆಂಟ್ವಾನ್ ಅಲನೋರ್ ಇನ್ನೊಂದು ದಾರಿ ಹಿಡಿದರು. ಹರಳು ಕೂರುವುದೇ ತೊಂದರೆಯಾದರೆ ಕೂರಲು ಬಿಡಬಾರದು. ಲೋಹವನ್ನು ಮೇಲ್ಮೈಯಲ್ಲಿ ಹರಡುವ ಬದಲು ಜೋರಾದ ಒಂದು ಧಾರೆಯಾಗಿ ಸಂಪಿನ ತಳಕ್ಕೆ ಬಿಟ್ಟು, ಕೂತ ಹರಳುಗಳನ್ನು ಮತ್ತೆ ಎಬ್ಬಿಸುವುದು. ಧಾರೆ ಎಷ್ಟು ಜೋರಿರಬೇಕು ಅನ್ನುವುದಕ್ಕೆ ಲೆಕ್ಕ ಬೇಕು, ಯಾಕೆಂದರೆ ಜಾಸ್ತಿಯಾದರೆ ಗಟ್ಟಿಯಾದ ತಳವೇ ಕರಗಿ ಅಪಾಯವಾಗುತ್ತದೆ. ಚೀನಾದ ಶೆನ್ಯಾಂಗ್‌ನಲ್ಲಿ ವಿದ್ಯುತ್ಕಾಂತದಿಂದ, ಬ್ರಿಟನ್ನಿನ ಬ್ರೂನಲ್ ವಿಶ್ವವಿದ್ಯಾಲಯದಲ್ಲಿ ಯಂತ್ರದಿಂದ ಸಂಪನ್ನು ಕಲಕುವ ಪ್ರಯೋಗಗಳೂ ನಡೆದಿವೆ.

ನಮ್ಮ ಕಡೆಯ ಲೆಕ್ಕ

ಬೆಂಗಳೂರಿನ ಎಚ್‌ಎಎಲ್ 2020ರಲ್ಲಿ ಇಸ್ರೋಗೆ ಕೊಟ್ಟ, ಅತಿ ತಣ್ಣನೆಯ ರಾಕೆಟ್ ಇಂಧನ ತುಂಬುವ ಕ್ರಯೋಜೆನಿಕ್ ಟ್ಯಾಂಕು 4 ಮೀಟರ್ ವ್ಯಾಸ, 8 ಮೀಟರ್ ಉದ್ದದ್ದು. ಇಂಥ ಟ್ಯಾಂಕುಗಳಿಗೆ ಬಳಸುವ 2219 ಮಿಶ್ರಲೋಹದಲ್ಲಿ ತಾಮ್ರ ಶೇ 5.8ರಿಂದ 6.8. ಘನ ಅಲ್ಯೂಮಿನಿಯಂ ತನ್ನೊಳಗೆ ಕರಗಿಸಿಕೊಳ್ಳಬಲ್ಲ ತಾಮ್ರವೇ ಹೆಚ್ಚೆಂದರೆ ಶೇ 5.65, ಅದೂ 548 ಡಿಗ್ರಿಯಲ್ಲಿ. ಅಂದರೆ ಈ ಲೋಹದಲ್ಲಿ ಮೊದಲೇ ತಾಮ್ರ ಮಿಗುತ್ತದೆ. ಏರುಪೇರಿನಿಂದ ಇನ್ನಷ್ಟು ಸೇರಿದ ಕಡೆ ಅದೆಲ್ಲ ಒರಟು ಕಣಗಳಾಗಿ ಉಳಿಯುತ್ತದೆ, ಎಷ್ಟು ಕಾಸಿದರೂ ಕರಗುವುದಿಲ್ಲ. ಇಂಥ ಪ್ಲೇಟುಗಳನ್ನು ಇಲ್ಲೇ ಮಾಡಬೇಕು ಅನ್ನುವ ಮಾತು ಬಂದಾಗಲೆಲ್ಲ ರೋಲಿಂಗ್ ಮಿಲ್ಲಿನ ಚರ್ಚೆ ಆಗುತ್ತದೆ. ಗಟ್ಟಿಯ ಎರಕದ ಚರ್ಚೆಯೂ ಅಷ್ಟೇ ಆಗಬೇಕು.

ಮರುಬಳಕೆ ಇನ್ನೊಂದು ಒತ್ತಡ. ಗುಜರಿ ಅಲ್ಯೂಮಿನಿಯಂ ಕರಗಿಸಲು ಹೊಸ ಲೋಹ ತಯಾರಿಸಲು ಬೇಕಾದ ಶಕ್ತಿಯ (ಎನರ್ಜಿಯ) ಸುಮಾರು ಶೇ 5 ಸಾಕು. ಭಾರತ ದೊಡ್ಡ ಪ್ರಮಾಣದಲ್ಲಿ ಗುಜರಿ ತರಿಸಿಕೊಳ್ಳುತ್ತದೆ. ಗುಜರಿಯ ಜೊತೆ ಕಬ್ಬಿಣ, ಸಿಲಿಕಾನ್ ಬರುತ್ತವೆ. ಹರಳು ಅತಿ ಹೆಚ್ಚು ಹೊರಗೆ ತಳ್ಳುವುದು ಇವೆರಡನ್ನೇ ಅನ್ನುವುದನ್ನು ಮೇಲೆ ನೋಡಿದೆವು. ಕಬ್ಬಿಣ ಸೇರಿ ಕಟ್ಟುವ ಉದ್ದನೆಯ, ತಟ್ಟೆಯಂಥ ಕಣಗಳು ಸಂದಿಗಳಲ್ಲಿ ದ್ರವದ ದಾರಿಗೇ ಅಡ್ಡ ಬರುತ್ತವೆ. ಎರಡೇ ಧಾತುಗಳ ಶುದ್ಧ ಲೋಹಕ್ಕೆ ಹೊಂದಿಸಿದ ನುಸುಳುವಿಕೆಯ ಸೂತ್ರ ಇಲ್ಲಿ ಹಾಗೇ ನಡೆಯುತ್ತದೆ ಅಂತ ನಂಬಲು ಆಧಾರವಿಲ್ಲ. ಬ್ಯಾಚಿನಿಂದ ಬ್ಯಾಚಿಗೆ ಗುಜರಿ ಬೇರೆಯಾಗುವುದರಿಂದ ಮಾಡೆಲ್ ಪ್ರತಿ ಸಲ ಹೊಸ ಪ್ರಶ್ನೆಗೆ ಉತ್ತರಿಸಬೇಕು.

ಮಶೀನ್ ಲರ್ನಿಂಗ್ ಇದನ್ನು ಬಗೆಹರಿಸುತ್ತದೆ ಅನ್ನುವವರಿದ್ದಾರೆ. ಅದಕ್ಕೆ ಬೇಕಾದದ್ದು ಸಾವಿರಾರು ಉದಾಹರಣೆ. ಇಲ್ಲಿ ಒಂದು ಉದಾಹರಣೆ ಅಂದರೆ ಹತ್ತು ಟನ್ನಿನ ಒಂದು ಗಟ್ಟಿಯನ್ನು ಕೊಯ್ದು ಅಳೆಯುವುದು. ಹಾಗೆ ಅಳೆದದ್ದು ಜಗತ್ತಿನಲ್ಲೇ ಕಡಿಮೆ. ಅಳೆದದ್ದರಲ್ಲಿ ಹೆಚ್ಚಿನದು ಕಂಪನಿಗಳ ಕಪಾಟಿನಲ್ಲಿದೆ. ಕಂಪನಿಗಳನ್ನು ದೂರುವುದೂ ಸರಿಯಲ್ಲ. ಎರಕದ ಸೂತ್ರವೇ ಅವರ ವ್ಯಾಪಾರದ ಗುಟ್ಟು.

ಹಾಗಾಗಿ ನನ್ನ ವಾದ ಇದು. ಇನ್ನೊಂದು ಸಾಫ್ಟ್‌ವೇರ್ ಕೊಳ್ಳುವುದಕ್ಕಿಂತ ಮೊದಲು ನಮಗೆ ಎಲ್ಲರಿಗೂ ತೆರೆದಿರುವ ಅಳತೆಗಳು ಬೇಕು. ನಮ್ಮಲ್ಲಿ ಜನ ಇದ್ದಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರದೀಪ್ ದತ್ತ ಮತ್ತು ಅವರ ಜೊತೆಗಾರರು ಲೋಹ ಗಟ್ಟಿಯಾಗುವುದರ ಲೆಕ್ಕದ ಮೇಲೆ, ತೇಲುವ ಹರಳುಗಳ ಮೇಲೆಯೂ, ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಯೂಮಿನಿಯಂಗಾಗಿಯೇ ಇರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರ ನಾಗಪುರದಲ್ಲಿದೆ. ದೊಡ್ಡ ಎರಕದ ಅನುಭವವೂ ಭಾರತೀಯ ಕೈಗಳಲ್ಲಿದೆ. 2007ರಲ್ಲಿ ಅಲ್ಯೂಮಿನಿಯಂ ರೋಲಿಂಗ್ ಮಾಡುವ ನೋವೆಲಿಸ್ ಕಂಪನಿಯನ್ನು ಕೊಂಡದ್ದು ಭಾರತದ ಹಿಂಡಾಲ್ಕೊ.

ಗುಟ್ಟು ಬಿಟ್ಟುಕೊಡಬೇಕಾಗಿಯೂ ಇಲ್ಲ. ಅಲ್ಯೂಮಿನಿಯಂಗೆ ಶೇ 4.5 ತಾಮ್ರ ಸೇರಿಸಿದ ಸರಳ ಮಿಶ್ರಣ ಪಠ್ಯಪುಸ್ತಕದ ಲೋಹ, ಅದರಲ್ಲಿ ಯಾರ ವ್ಯಾಪಾರವೂ ಇಲ್ಲ. ಅದನ್ನೇ ಎರಡು ಮೂರು ಗಾತ್ರದಲ್ಲಿ, ಎರಡು ಮೂರು ವೇಗದಲ್ಲಿ, ಹರಳಿನ ಮದ್ದು ಹಾಕಿ ಒಮ್ಮೆ, ಹಾಕದೆ ಒಮ್ಮೆ ಎರಕ ಹೊಯ್ಯಲಿ. ದ್ರವದ ಜೊತೆ ಇಳಿಯುವ ಥರ್ಮೋಕಪಲ್ ಬಿಟ್ಟು ಉಷ್ಣತೆ ಹಿಡಿಯಲಿ. ಎರಕದ ನಡುವೆ ಸಂಪಿಗೆ ಸ್ವಲ್ಪ ಕರಗಿದ ಸತು ಸುರಿದರೆ, ಆಮೇಲೆ ಕೊಯ್ದಾಗ ಗುಂಡಿಯ ಆಕಾರ ಗೆರೆಯಾಗಿ ಕಾಣುತ್ತದೆ. ಇದು ಕಾರ್ಖಾನೆಗಳಿಗೆ ಗೊತ್ತಿರುವ ಹಳೆಯ ಉಪಾಯ. ಪ್ರತಿ ಗಟ್ಟಿಯಿಂದ ಒಂದು ಅಡ್ಡ ಹೋಳು ತೆಗೆದು ಸ್ಪೆಕ್ಟ್ರೋಮೀಟರಿನಲ್ಲಿ ಸೆಂಟಿಮೀಟರಿಗೊಂದು ಬಿಂದು ಅಳೆಯಲಿ. ತಾಮ್ರದ ಜೊತೆ ಟೈಟಾನಿಯಂ ಕೂಡ ಅಳೆಯಲೇಬೇಕು, ಹರಳು ಎಲ್ಲಿ ಕೂತಿತು ಅಂತ ಹೇಳುವುದು ಅದೇ. ಅದೇ ಬಿಂದುಗಳಲ್ಲಿ ಹರಳಿನ ಗಾತ್ರ, ಸಂದಿಯ ಅಳತೆ ಬರೆದಿಡಲಿ. ನೀರಿನ ಪ್ರಮಾಣ, ಅಚ್ಚಿನ ಎತ್ತರ, ಲೋಹ ಬಿಟ್ಟ ಉಷ್ಣತೆ, ಧಾರೆ ಬಿದ್ದ ಜಾಗ ಇವನ್ನೂ ಸೇರಿಸಿ ಪ್ರಕಟಿಸಲಿ. ಮಾಡೆಲ್ ಬರೆಯುವವರಿಗೆ ಅರ್ಧ ಗಟ್ಟಿಗಳ ಅಳತೆಯನ್ನು ಮೊದಲು ಕೊಡಲಿ, ಉಳಿದರ್ಧದ್ದನ್ನು ಅವರ ಉತ್ತರ ಬಂದ ಮೇಲೆ ತೆರೆಯಲಿ.